ಅವ್ವ ಅರ್ಥ ಹೇಳಿದ ಹಳಗನ್ನಡ ಪದ್ಯ

ಎರಡು ವರ್ಷದ ಹಿಂದಿನ ಮಾತು. ನಾನಾಗ ಕನ್ನಡ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಹೊಸಪೇಟೆಯ ಕಾಲೇಜೊಂದರಲ್ಲಿ ಹಳಗನ್ನಡ ಕಾವ್ಯದ ಬಗ್ಗೆ ವಿಚಾರ ಸಂಕಿರಣ ಇತ್ತು. ನಮ್ಮ ಮೇಡಂ ನನ್ನನ್ನು ಕೇಳದೆಯೇ ಪ್ರಬಂಧ ಓದುವವರ ಪಟ್ಟಿಗೆ ನನ್ನ ಹೆಸರು ಸೇರಿಸಿಬಿಟ್ಟಿದ್ದರು.

ನನ್ನ ಪಾಲಿಗೆ ಬಂದದ್ದು ರಾಜಕುಮಾರಿಯೊಬ್ಬಳು ತವರು ಬಿಟ್ಟು ಹೊರಡುವ ಸನ್ನಿವೇಶ. ಕವಿ ಅವಳನ್ನು ಮಡಿ ಬಿಟ್ಟ ಸಸಿಗೆ ಹೋಲಿಸುತ್ತಾನೆ. ಗಂಡನ ಮನೆ ಸೇರಿದ ಎಂಟನೆಯ ದಿನ ಅವಳು ತಲೆಯೆತ್ತಿದಳು ಎನ್ನುತ್ತಾನೆ. ಹಳಗನ್ನಡದಲ್ಲಿ ಸಸಿ ಎಂದರೆ ಚಂದ್ರ ಎಂಬ ಅರ್ಥವೂ ಉಂಟು. ಮಡಿ ಎಂದರೆ ಶುಭ್ರತೆ, ಆದ್ದರಿಂದ ಅವಳು ಕಾಂತಿ ಕಳೆದುಕೊಂಡ ಚಂದ್ರ ಎಂದು ನನ್ನ ಬಳಿಯಿದ್ದ ವ್ಯಾಖ್ಯಾನ ಹೇಳುತ್ತಿತ್ತು. ನಾನೂ ಹಾಗೆಯೇ ಬರೆದಿದ್ದೆ. ಆದರೆ ಬಿದಿಗೆಗೇ ಕಾಣಿಸಿಕೊಳ್ಳುವ ಚಂದ್ರ ಎಂಟನೆಯ ದಿನದವರೆಗೆ ಯಾಕೆ ಕಾಯಬೇಕು ಎಂಬುದು ಮಾತ್ರ ಬಗೆಹರಿದಿರಲಿಲ್ಲ.

ನಮ್ಮೂರು ಕಂಪ್ಲಿ. ನಮ್ಮವ್ವ ಹುಲಿಗೆಮ್ಮ ನೆಲ್ಲಿನ, ಅಂದರೆ ಭತ್ತದ, ಗದ್ದೆಗಳಿಗೆ ನಾಟಿ ಹಚ್ಚಲು ಕೂಲಿಗೆ ಹೋಗುತ್ತಾಳೆ. ಓದು ಬರಹ ಬಾರದು. ಒಂದು ಸಂಜೆ ನಾನು ಪ್ರಬಂಧವನ್ನು ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ, ಇದರೊಳಗೆ ಚಂದ್ರ ಎಲ್ಲಿಂದ ಬಂದ ಎಂದು ಕೇಳಿದಳು.

"ಸಸಿ ಅಂದ್ರ ನೆಲ್ಲಿನ ಸಸಿ. ಮಡಿ ಅಂದ್ರ ಬೀಜ ಚೆಲ್ಲಿ ಅದನ್ನ ಬೆಳೆಸೋ ಪಾತಿ. ಅಷ್ಟ ಅಲ್ಲೇನ?"

ನಾನು ನಕ್ಕುಬಿಟ್ಟೆ. ಆಮೇಲೆ ಪದ್ಯವನ್ನು ಮತ್ತೊಮ್ಮೆ ಓದಿದೆ. ಎಂಟನೆಯ ದಿನದ ವಿಷಯ ಹೇಳಿದಾಗ ಅವ್ವ ಒಂದು ಚಣವೂ ಯೋಚಿಸಲಿಲ್ಲ. ಕಿತ್ತು ಹಚ್ಚಿದ ಸಸಿ ಬೇರು ಹಿಡಿದು ನೆಟ್ಟಗೆ ನಿಲ್ಲುವುದು ಅಷ್ಟು ಹೊತ್ತಿಗೇ ಎಂದಳು. ನನ್ನ ನಗು ನಿಂತಿತು. ಮರುದಿನ ಕುಳಿತು ಇಡೀ ಪ್ರಬಂಧವನ್ನು ಹೊಸದಾಗಿ ಬರೆದೆ.

ಸಂಕಿರಣದ ದಿನ ಅವ್ವ ಕೆಲಸಕ್ಕೆ ಹೋಗದೆ ನನ್ನ ಜೊತೆ ಬಸ್ಸು ಹತ್ತಿದಳು. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತಳು. ನಾನು ಓದಿ ಮುಗಿಸಿದೆ. ಅಧ್ಯಕ್ಷರಾಗಿದ್ದ ಹಿರಿಯ ವಿದ್ವಾಂಸರು ಕನ್ನಡಕ ತೆಗೆದು, ಈ ಅರ್ಥವನ್ನು ಯಾವ ವ್ಯಾಖ್ಯಾನಕಾರರು ಹೇಳಿದ್ದಾರೆ ಎಂದು ಕೇಳಿದರು. ನನ್ನದೇ ಊಹೆ ಎಂದು ಹೇಳಿ ಕುಳಿತುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ.

"ನಮ್ಮವ್ವ ಹೇಳ್ಯಾಳ್ರಿ ಸರ್. ಅಲ್ಲೇ ಕುಂತಾಳ."

ಸಭೆಯಲ್ಲಿ ಕೆಲವರು ನಕ್ಕರು. ಆ ಹಿರಿಯರು ನಗಲಿಲ್ಲ. ಮಡಿಯಿಂದ ಕಿತ್ತ ಸಸಿ ಒಣಗಿಹೋಗುವುದಿಲ್ಲವೇ ಎಂದು ನೇರವಾಗಿ ಅವ್ವನನ್ನೇ ಕೇಳಿದರು. ಅವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ಮೂರ್ನಾಕು ದಿನ ಹಳದಿಯಾಗಿ ತಲಿ ಬಾಗಿಸಿ ನಿಂದರತೈತ್ರಿ. ಎಂಟು ದಿನಕ್ಕ ಹಸರು ಹಿಡಿತೈತಿ. ಕೀಳೂದ ಬ್ಯಾಡಂತ ಮಡ್ಯಾಗ ಬಿಟ್ರ ಅದು ಚಂದಗ ತೆನಿ ಹಿಡಿಯಂಗಿಲ್ರಿ."

ಆ ಹಿರಿಯರು ತಮ್ಮ ಮುಂದಿದ್ದ ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡರು. ಇಷ್ಟು ವರ್ಷ ಈ ಪದ್ಯವನ್ನು ಅಳುವಿನ ಪದ್ಯವೆಂದೇ ಪಾಠ ಮಾಡಿದ್ದೆ, ಇದು ಬೇರು ಬಿಡುವ ಪದ್ಯ ಎಂದು ಇವತ್ತು ಗೊತ್ತಾಯಿತು ಎಂದರು. ಆಮೇಲೆ ಅವ್ವನ ಹೆಸರು ಕೇಳಿ ಅದನ್ನೂ ಬರೆದುಕೊಂಡರು. ನನಗೆ ಕಣ್ಣು ತುಂಬಿ ಬಂದು ಎದುರಿನ ಜನ ಮಸುಕಾದರು.

ಕೆಲವು ತಿಂಗಳ ಮೇಲೆ ಪ್ರಬಂಧವನ್ನು ಅಚ್ಚಿಗೆ ಕಳುಹಿಸಬೇಕಾಯಿತು. ಅಡಿಟಿಪ್ಪಣಿಯಲ್ಲಿ ನಿನ್ನ ಹೆಸರು ಹಾಕುತ್ತೇನೆ ಎಂದು ಅವ್ವನಿಗೆ ಹೇಳಿದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಪ್ಪಲೇ ಇಲ್ಲ.

"ನನಗೊಬ್ಬಾಕಿಗೆ ಗೊತ್ತಿರೋದೇನ ಇದು? ನಮ್ಮ ಗುಂಪಿನ ಹನ್ನೊಂದು ಮಂದಿಗೂ ಗೊತ್ತೈತಿ. ಬರದ್ರ ಎಲ್ಲಾರದೂ ಬರಿ."

ಅವಳು ಒಂದೊಂದೇ ಹೆಸರು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಇಂದು ಆ ಪ್ರಬಂಧದ ಮೊದಲ ಪುಟದ ಅಡಿಯಲ್ಲಿ, ಯಾವ ವಿದ್ವಾಂಸರ ಹೆಸರಿಗಿಂತಲೂ ಮೊದಲು, ಕಂಪ್ಲಿಯ ನಾಟಿ ಹಚ್ಚುವ ಹನ್ನೊಂದು ಹೆಂಗಸರ ಹೆಸರಿದೆ. ನಾನು ಬರೆದದ್ದರಲ್ಲಿ ನನಗೆ ಬಹಳ ಹೆಮ್ಮೆ ತರುವ ಸಾಲು ಅದೇ.