ಬೆಕ್ಕಿಗೊಂದು ಪಾದಪೂಜೆ

ಬೆಕ್ಕಿನ ಕೂದಲಿಗಿರುವ ಜಾಣತನ ಕಂಡು ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ಬಿಳಿ ಪಂಚೆ ಕಂಡರೆ ಕಪ್ಪು ಕೂದಲೇ ಹುಡುಕಿಕೊಂಡು ಹೋಗಿ ಕೂರುತ್ತದೆ, ಕರಿ ಸೀರೆ ಕಂಡರೆ ಬಿಳಿಯದು; ಒಗೆದರೆ ಹೋಗದು, ಒದರಿದರೆ ಬೀಳದು, ಮದುವೆಮನೆಯಲ್ಲಿ ನಾಲ್ಕು ಜನ ಬೆನ್ನ ಹಿಂದೆ ಕೂತಾಗ ಮಾತ್ರ ಮಿರಿಮಿರಿ ಮಿಂಚುತ್ತದೆ. ಅರಸೀಕೆರೆಯ ನಮ್ಮ ಮನೆಯಲ್ಲಿ ಈ ಎರಡೂ ಬಣ್ಣವನ್ನು ಒಂದೇ ಮೈಮೇಲೆ ಹೊತ್ತು ಯಜಮಾನಿಯ ಹಾಗೆ ತಿರುಗುತ್ತಿದ್ದವಳ ಹೆಸರು ಪುಟ್ಟಕ್ಕ. ಹೆಸರಿಟ್ಟವರು ನನ್ನ ಅತ್ತೆ. ಬೆಕ್ಕಿಗೆ ಮನುಷ್ಯರ ಹೆಸರೇಕೆ ಎಂದು ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದೆ. "ಮನುಷ್ಯರು ಮಾಡೋ ಕೆಲ್ಸ ಎಲ್ಲಾ ಮಾಡ್ತಾಳಲ್ಲಮ್ಮ, ಮಾತಾಡೋದೊಂದು ಬಿಟ್ಟು. ಅದೂ ಒಳ್ಳೇದೇ" ಎಂದಿದ್ದರು, ನನ್ನ ಕಡೆ ಒಂದು ನೋಟ ಬೀರಿ.

ನಾನು ಮಾದಿಹಳ್ಳಿಯ ಹಸು ಎಮ್ಮೆಗಳ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ಬೆಕ್ಕೆಂದರೆ ಕೊಟ್ಟಿಗೆಯ ಪ್ರಾಣಿ. ಹಾಲು ಕರೆಯುವ ಹೊತ್ತಿಗೆ ಎಲ್ಲಿಂದಲೋ ಬಂದು, ತೆಂಗಿನ ಚಿಪ್ಪಿಗೆ ಹಾಕಿದ ನೊರೆಹಾಲು ಕುಡಿದು, ಎಲ್ಲಿಗೋ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದಾಗಲೇ ತಿಳಿದದ್ದು, ಇಲ್ಲಿ ಬೆಕ್ಕು ಒಳಮನೆಯ ಪ್ರಾಣಿ, ಅದೂ ಕೆಲಸಕ್ಕಿರುವ ಪ್ರಾಣಿ ಎಂದು. ನಮ್ಮ ಅಟ್ಟದ ಮೇಲೆ ರಾಶಿ ರಾಶಿ ತೆಂಗಿನಕಾಯಿ ವರ್ಷವಿಡೀ ಸುಮ್ಮನೆ ಬಿದ್ದುಕೊಂಡು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಗಡಗಡ ಎನ್ನುವ ತನಕ ಕಾಯುತ್ತವೆ. ಅಷ್ಟು ದಿನ ಇಲಿಗಳೂ ಕಾಯಬೇಕಲ್ಲ? ಅವಕ್ಕೆಲ್ಲಿಯ ತಾಳ್ಮೆ! ಹಾಗಾಗಿ ಅಟ್ಟಕ್ಕೆ ಪುಟ್ಟಕ್ಕನ ಕಾವಲು.

ಬೆಕ್ಕಿರುವ ಮನೆಯನ್ನು ಚೊಕ್ಕಟವಾಗಿಡಲು ಅತ್ತೆಗೆ ಅವರದೇ ಒಂದು ಶಾಸ್ತ್ರವಿತ್ತು. ಹಿತ್ತಲ ಬಾಗಿಲ ಪಕ್ಕ ಒಡೆದ ಬಕೀಟಿನ ತಳದಲ್ಲಿ ತೆಂಗಿನ ನಾರಿನ ಪುಡಿ ತುಂಬಿಟ್ಟರೆ ಅದು ಪುಟ್ಟಕ್ಕನ ಕಕ್ಕಸು. ಬೆಳಿಗ್ಗೆ ಎದ್ದವರು ಮೊದಲು ಅದರಲ್ಲಿದ್ದದ್ದನ್ನು ಮರದ ಬುಡದಲ್ಲಿ ಹೂತು, ಕೈಗೆ ಸೋಪು ಹಾಕಿ ತೊಳೆದು, ಆಮೇಲೆ ಒಲೆಯ ಕಡೆ ಹೋಗಬೇಕು. ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಗುಂಡುಕಲ್ಲು ಇರಬೇಕು. ದೀಪ ಬಾಲಕ್ಕೆ ಎಟುಕದ ಗೂಡಿನಲ್ಲಿರಬೇಕು. ಇದನ್ನೆಲ್ಲ ಮೆತ್ತಗೆ ಹೇಳುತ್ತಿದ್ದ ಅತ್ತೆಯ ದನಿ ಏರುತ್ತಿದ್ದದ್ದು ಅಟ್ಟದ ಮೇಲೆ ಇಲಿ ಪಾಷಾಣ ಇಡುವ ಮಾತೆತ್ತಿದಾಗ ಮಾತ್ರ. "ಇಲಿ ಅದನ್ನ ತಿನ್ನುತ್ತೆ, ಇಲೀನ ಇವ್ಳು ತಿಂತಾಳೆ. ಬೆಕ್ಕು ಕೊಂದ ಪಾಪ ಕಾಶಿಗೆ ಹೋದ್ರೂ ಕಳಿಯಲ್ಲ, ಗೊತ್ತಾ?" ಮಾವ ತೀರಿಕೊಂಡ ಮೇಲೆ ಅತ್ತೆ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿದ್ದವಳು ಪುಟ್ಟಕ್ಕ ಒಬ್ಬಳೇ. ನನಗದು ಆಗ ಅಷ್ಟೇನೂ ದೊಡ್ಡ ವಿಷಯವೆನ್ನಿಸಿರಲಿಲ್ಲ.

ನನ್ನ ಶಾಸ್ತ್ರವೇ ಬೇರೆ. ಚಿಕ್ಕವಳಿದ್ದಾಗ ಅಪ್ಪ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಕರೆದುಕೊಂಡು ಹೋಗಿ, ಬಸದಿಯ ನುಣುಪು ಕಂಬದ ಮುಂದೆ ನಿಲ್ಲಿಸಿ, "ಮುಖ ನೋಡ್ಕೋ" ಎಂದಿದ್ದರು. ಕಲ್ಲಿನೊಳಗೆ ನನ್ನ ಎರಡು ಜಡೆ ಕಂಡವು. ಅಂದಿನಿಂದ ಕಲ್ಲಾಗಲಿ ನೆಲವಾಗಲಿ ಮುಖ ಕಾಣುವಂತಿರಬೇಕು ಎನ್ನುವ ಹುಚ್ಚು ಹಿಡಿದದ್ದು ಬಿಡಲಿಲ್ಲ. ಅತ್ತೆಮನೆಯ ಕೆಂಪು ಗಾರೆ ನೆಲವನ್ನು ದಿನಕ್ಕೆರಡು ಸಲ ಒರೆಸುತ್ತಿದ್ದೆ. ಫಿನೈಲಿನ ವಾಸನೆ ಗಮ್ಮೆಂದು ಮೂಗಿಗೆ ಹೊಡೆದರೇ ಒರೆಸಿದ ಸಮಾಧಾನ. ನೀವೂ ಹೀಗೆಯೇ ಇರಬಹುದು, ನಾಚಿಕೊಳ್ಳಬೇಡಿ. ಶುದ್ಧಿ ಎನ್ನುವುದೊಂದು ವಿಚಿತ್ರವಾದ ಹಸಿವು ಕಣ್ರೀ. ಮೊದಮೊದಲು ಮನೆಯವರಿಗಾಗಿ ಗುಡಿಸುತ್ತೇವೆ, ಆಮೇಲೆ ಬರುವ ನೆಂಟರಿಗಾಗಿ, ಕೊನೆಕೊನೆಗೆ ಬಾರದ ನೆಂಟರು ಬಂದುಬಿಟ್ಟರೆ ಏನೆಂದುಕೊಂಡಾರು ಎನ್ನುವ ಭಯಕ್ಕಾಗಿ. ಅಷ್ಟರಲ್ಲಿ ಆ ನೆಲದ ಮೇಲೆ ದಿನವೂ ಬರಿಗಾಲಲ್ಲಿ ಓಡಾಡುವವರು ಯಾರೆಂಬುದೇ ಮರೆತುಹೋಗಿರುತ್ತದೆ.

ಹೀಗಿರುವಾಗ ಮಠದ ಸ್ವಾಮಿಗಳು, ನಮ್ಮ ಕಡೆ ಹೇಳುವಂತೆ ಬುದ್ಧಿಯವರು, ಪಾದಪೂಜೆಗೆ ನಮ್ಮ ಮನೆಗೆ ದಯಮಾಡಿಸುವುದೆಂದು ನಿಶ್ಚಯವಾಯಿತು. ಗುರುಗಳ ಪಾದ ತೊಳೆದು ಪೂಜಿಸುವ ಭಾಗ್ಯ ಒಂದು ಮನೆಗೆ ಎಷ್ಟೋ ವರ್ಷಕ್ಕೊಮ್ಮೆ ಬರುವುದು. ಅತ್ತೆಯ ತವರಿನ ಕಡೆಯವರೆಲ್ಲ ಬರುವವರಿದ್ದರು. ಅವರ ಪೈಕಿ ಅತ್ತೆಯ ತಂಗಿ, ನನಗೆ ಚಿಕ್ಕತ್ತೆ, ಯಾರ ಮನೆಗೆ ಹೋದರೂ ಕಿಟಕಿಯ ಸಂದಿಯನ್ನು ಬೆರಳಲ್ಲಿ ಸವರಿ ನೋಡುವವರು. ಹಿಂದಿನ ವಾರವೇ ಬಂದು, "ಬೆಕ್ಕಿರೋ ಮನೇಲಿ ಬುದ್ಧಿಯೋರನ್ನ ಹೆಂಗಮ್ಮ ಕೂರಿಸ್ತೀಯ?" ಎಂದು ನನ್ನನ್ನೇ ಕೇಳಿ ಹೋಗಿದ್ದರು. ಆ ಮಾತು ಏಳು ದಿನ ನನಗೆ ಸರಿಯಾಗಿ ಅನ್ನ ಸೇರಗೊಡಲಿಲ್ಲ.

ಪೂಜೆಯ ದಿನ ಬೆಳಗಾಗುತ್ತಿದ್ದಂತೆ ನನ್ನ ಯಜಮಾನರು ಬುದ್ಧಿಯವರನ್ನು ಕರೆತರಲು ಕಾರು ತೆಗೆದುಕೊಂಡು ಮಠಕ್ಕೆ ಹೊರಟರು. ಅತ್ತೆ ಸ್ನಾನಕ್ಕೆ ಹೋದರು. ಒಂದು ಬಕೀಟು ನೀರಿಗೆ ಒಂದೇ ಮುಚ್ಚಳ ಕರಿ ಫಿನೈಲು ಹಾಕುವುದು ರೂಢಿ. ನಾನು ಚಿಕ್ಕತ್ತೆಯ ಮುಖ ನೆನೆದುಕೊಂಡು ಅರ್ಧ ಬಾಟಲು ಸುರಿದೆ. ನೀರು ಹಾಲಿನಂತೆ ಬೆಳ್ಳಗಾಯಿತು. ನಡುಮನೆಯನ್ನು ಒರೆಸಿದ್ದೇ ಒರೆಸಿದ್ದು, ನೆಲದಲ್ಲಿ ನನ್ನ ಮುಖ ಕಾಣುವವರೆಗೆ. ಪುಟ್ಟಕ್ಕ ಅಟ್ಟದ ಏಣಿ ಇಳಿದು, ಆ ಒದ್ದೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಇಸ್ಸಿ ಎನ್ನುವ ಹಾಗೆ ಒಂದೊಂದೇ ಕಾಲು ಕೊಡವಿ, ಮೂಲೆಯಲ್ಲಿ ಕೂತು ಅಂಗಾಲು ನೆಕ್ಕತೊಡಗಿದಳು. ಆ ಮನೆಯಲ್ಲಿ ನನಗಿಂತ ಹೆಚ್ಚು ಶುದ್ಧಿಯ ಹುಚ್ಚಿದ್ದವಳು ಅವಳೊಬ್ಬಳೇ ನೋಡಿ. ನಾನು ರಂಗೋಲಿ ಬಿಡಲು ಬಾಗಿಲಿಗೆ ಹೋದೆ.

ವಾಪಸು ಬಂದಾಗ ಅವಳ ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಏಳಲು ಹೋಗಿ ಹಿಂಗಾಲು ಕುಸಿದು ಬಿದ್ದಳು. ನಾನು "ಅತ್ತೇ!" ಎಂದು ಕೂಗಿದ ಕೂಗಿಗೆ ಅತ್ತೆ ನೀರಿಳಿಯುವ ಕೂದಲಲ್ಲೇ ಓಡಿ ಬಂದರು. ಬಾಟಲು ನೋಡಿದರು, ನನ್ನನ್ನು ನೋಡಿದರು. "ದನದ ಡಾಕ್ಟ್ರಿಗೆ ಫೋನ್ ಮಾಡು" ಎಂದರಷ್ಟೆ. ಫಿನೈಲಾದ ಕಾಲು ನೆಕ್ಕಿದ್ದನ್ನು ಫೋನಿನಲ್ಲಿ ಹೇಳಿದೆ. "ವಾಂತಿ ಮಾಡ್ಸೋಕೆ ಹೋಗ್ಬೇಡ್ರಮ್ಮ," ಎಂದರು ಡಾಕ್ಟರು. "ಕಾಲು ಸೋಪು ಹಾಕಿ ಚೆನ್ನಾಗಿ ತೊಳೀರಿ, ಮತ್ತೆ ನೆಕ್ಕದಂಗೆ ಬಟ್ಟೆ ಸುತ್ತಿ. ಈಗ ಬಂದೆ."

ಕೈಗೆ ಸಿಕ್ಕುವಂತಿದ್ದದ್ದು ಒಂದೇ ಪಾತ್ರೆ. ಬುದ್ಧಿಯವರ ಪಾದ ತೊಳೆಯಲೆಂದು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದ ಹಿತ್ತಾಳೆಯ ಹರಿವಾಣ. ಅತ್ತೆ ಅದನ್ನೇ ಎಳೆದುಕೊಂಡರು. "ಅತ್ತೆ, ಅದು ಬುದ್ಧಿಯವರ..." ಎಂದೆ. "ನೀರು ಹುಯ್ಯಿ" ಎಂದರು. ಲಿಂಗಪೂಜೆಗೆ ಮುಂಚೆ ಏನನ್ನೂ ಮುಟ್ಟದ ಹೆಂಗಸು ಜೊಲ್ಲು ಸುರಿಸುವ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ನಾನು ಬೆಚ್ಚನೆಯ ನೀರು ಹುಯ್ದು, ಸೋಪು ಹಚ್ಚಿ, ಬೆರಳ ಸಂದಿ ಸಂದಿಯನ್ನೂ ಉಜ್ಜಿ, ನಾಲ್ಕೂ ಪಾದಗಳನ್ನು ತೊಳೆದೆ. ಎಳೆ ಗುಲಾಬಿ ಬಣ್ಣದ ಅಂಗಾಲು ಅವಳಿಗಿತ್ತೆಂಬುದನ್ನು ಅಷ್ಟು ವರ್ಷದಲ್ಲಿ ನೋಡಿದ್ದು ಅದೇ ಮೊದಲು. ಅವಳು ಪರಚಿದಳು. ಪರಚುವಷ್ಟು ಶಕ್ತಿ ಇದೆಯಲ್ಲ ಎಂದು ನನಗೆ ಅಳು ಬಂತು. ಒರೆಸಲು ಸಿಕ್ಕಿದ್ದು ಬುದ್ಧಿಯವರಿಗೆಂದೇ ತಂದ ಹೊಸ ಮಗ್ಗದ ವಸ್ತ್ರ. ಡಾಕ್ಟರು ಸ್ಕೂಟರಿನಲ್ಲಿ ಬಂದು, ಹಸು ಎಮ್ಮೆಗೆ ಒಗ್ಗಿದ ದಪ್ಪ ಕೈಯಲ್ಲಿ ಸೂಜಿ ಚುಚ್ಚಿ, ಗಂಟೆ ಹೊತ್ತು ಪಕ್ಕದಲ್ಲೇ ಕೂತಿದ್ದು, ಅವಳು ತಲೆಯೆತ್ತಿದ ಮೇಲೆ "ಇನ್ನು ಭಯ ಇಲ್ಲ" ಎಂದರು. ಹೋಗುವ ಮುಂಚೆ ನಡುಮನೆಯನ್ನು ಬರೀ ನೀರಿನಲ್ಲಿ ಎರಡು ಸಲ ತೊಳೆಸಿ, ಬೆಕ್ಕಿರುವ ಮನೆಗೆ ಕರಿ ಫಿನೈಲು ತರಲೇಬೇಡಿ ಎಂದು ಗದರಿಸಿ ಹೋದರು.

ಅಷ್ಟರಲ್ಲಿ ನೆಂಟರು ಬಂದರು, ಹಿಂದೆಯೇ ಬುದ್ಧಿಯವರೂ ಬಂದರು. ಗಡಿಬಿಡಿಯಲ್ಲಿ ನೀರು ಚೆಲ್ಲಿ ಹಾಗೇ ಬಿಟ್ಟಿದ್ದ ಹರಿವಾಣ ಚಿಕ್ಕತ್ತೆಯ ಕಣ್ಣಿಗೇ ಬೀಳಬೇಕೆ? "ಇದೇನೇ ಇದು, ಹರಿವಾಣದಲ್ಲಿ ಬೆಕ್ಕಿನ ಕೂದ್ಲು!" ಎಂದರು, ಇಡೀ ನಡುಮನೆಗೆ ಕೇಳುವ ಹಾಗೆ. ಅತ್ತೆ ಕೈಮುಗಿದು ನಡೆದದ್ದನ್ನು ಹೇಳಿದರು. ಬುದ್ಧಿಯವರು ಕೇಳಿದ್ದು ಒಂದೇ ಮಾತು: "ಬದುಕಿತಾ?"

"ಬದುಕ್ತು ಬುದ್ಧಿ."

"ಹಂಗಾದ್ರೆ ಅದೇ ಹರಿವಾಣ ತೊಳ್ಕೊಂಡು ತನ್ನಿ ತಾಯಿ. ನಮಗೂ ಅದೇ ಸಾಕು."

ಎಲ್ಲರೂ ನಕ್ಕರು, ಚಿಕ್ಕತ್ತೆಯೊಬ್ಬರನ್ನು ಬಿಟ್ಟು. "ಅಷ್ಟೊಂದು ಫಿನೈಲು ಸುರಿದ ಜಾಣೆ ಯಾರಂತೆ?" ಎಂದು ನೆಟ್ಟಗೆ ನನ್ನ ಕಡೆ ತಿರುಗಿದರು. "ನಾನೇ ಕಣೇ," ಎಂದರು ಅತ್ತೆ. "ಕಣ್ಣು ಮಂಜು. ಮುಚ್ಚಳ ಕಾಣ್ದೆ ಬಗ್ಗಿಸ್ಬಿಟ್ಟೆ." ಗುರುಗಳ ಎದುರಿಗೆ, ಪಾದಪೂಜೆಯ ದಿನ, ಒಂದು ಚೂರೂ ತಡವರಿಸದೆ ಆಡಿದ ಸುಳ್ಳು ಅದು. ಇಲ್ಲ, ನಾನು ಎನ್ನಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಿಮಗೆ ಗೊತ್ತಲ್ಲ, ಹಾಗೆ ತಲೆ ತಗ್ಗಿಸಿಕೊಂಡು ಬುದ್ಧಿಯವರ ಪಾದ ತೊಳೆದೆ.

ಊಟ ಮುಗಿದು ಎಲ್ಲರೂ ಹೊರಟ ಮೇಲೆ ಹಿತ್ತಲ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು, ಪುಟ್ಟಕ್ಕ ಮಡಿಲಲ್ಲಿ ಮಲಗಿದ್ದಳು. "ಯಾಕತ್ತೆ ಹಂಗಂದ್ರಿ?" ಎಂದೆ.

"ಕೂತಿದ್ದೋರೆಲ್ಲ ನನ್ನ ಕಡೆ ಜನ ಕಣಮ್ಮ. ನಾನು ಅಂದ್ರೆ ಊಟದ ಹೊತ್ತಿಗೆ ಮರೀತಾರೆ. ನೀನು ಅಂದಿದ್ರೆ ಸಾಯೋತನಕ ಆಡ್ಕೊತಿದ್ರು," ಎಂದು ಬೆಕ್ಕಿನ ಕಿವಿ ಸವರಿದರು. "ಬೆಕ್ಕು ಹೆಂಗೋ ಉಳೀತು. ನೀನೂ ಉಳ್ಕೊ." ನಾನು ಅಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಆದರೆ ಅತ್ತೆಯ ಎಣಿಕೆ ತಪ್ಪಿತು. ಯಾರೂ ಮರೆಯಲಿಲ್ಲ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಚಿಕ್ಕತ್ತೆ ಇಂದಿಗೂ ಮದುವೆಮನೆಗಳಲ್ಲಿ, "ನಮ್ಮಕ್ಕ ಕಣ್ಣು ಕಾಣ್ದೆ ಪಾದಪೂಜೆ ದಿನವೇ ಬೆಕ್ಕು ಕೊಲ್ಲೋಕೆ ಹೋಗಿದ್ಲು" ಎಂದು ಕಥೆ ಹೇಳಿ ಪಂಕ್ತಿಯನ್ನೆಲ್ಲ ನಗಿಸುತ್ತಾರೆ. ಆ ಪಂಕ್ತಿಯಲ್ಲಿ ಕೂತು ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಇನ್ನು ನನ್ನಿಂದಾಗದು. ನಿಮಗೆ ಚಿಕ್ಕತ್ತೆಯ ಪರಿಚಯವಿದ್ದರೆ ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ನನ್ನ ಅತ್ತೆಯ ಕಣ್ಣು ಕೊನೆಯವರೆಗೂ ಚೆನ್ನಾಗಿತ್ತು. ಸಾಯುವ ವಾರದಲ್ಲೂ ಅಕ್ಕಿಯ ಕಲ್ಲು ಆರಿಸುತ್ತಿದ್ದವರು ಅವರೇ. ಫಿನೈಲು ಸುರಿದವಳು ನಾನು.