ಇಲ್ಲೇ ಐತಿ, ಬರ್ರಿ

ಗೆಳೆಯರೇ, ಇವತ್ತು ಎಮ್ಮಿಗನೂರಿನ ಅಕ್ಕಿ ಗಿರಣಿಗೆ ದಾರಿ ಕೇಳಿದರೆ ಮಾಲೀಕರು ಫೋನಿನಲ್ಲಿ "ಇಲ್ಲೇ ಐತಿ, ಬರ್ರಿ" ಎಂದಷ್ಟೇ ಹೇಳಿದರು. ಊರೆಲ್ಲ ಸುತ್ತಿ ತಲುಪಿದವನು, "ವಿಳಾಸ ಪೂರ್ತಿ ಹೇಳ್ಬೇಕ್ರಿ" ಎಂದು ಸಿಡುಕಿದೆ.

ಗಿರಣಿಯ ಕಂಪ್ಯೂಟರಿಗೆ ಹಾಕಿಕೊಡಲು ಹೋಗಿದ್ದ, ತೂಕದ ಚೀಟಿ ಮುದ್ರಿಸುವ ನನ್ನ ಪ್ರೋಗ್ರಾಂ ನಾನೇ ಕೂತು ಕಮಾಂಡ್ ಕೊಟ್ಟರೆ ಓಡಿತು. ಕಂಪ್ಯೂಟರ್ ತಾನಾಗಿಯೇ ಹಿನ್ನೆಲೆಯಲ್ಲಿ ಓಡಿಸಲು ಹೋದರೆ ನಿಂತಿತು. ಹೊರಗೆ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು.

"ನೀವು ದಿನಾ ಇಲ್ಲೇ ಕುಂದರ್ತೀರೇನ್ರಿ?" ಎಂದರು ಮಾಲೀಕರು.

ಕೊನೆಗೆ ಕಾರಣ ಸಿಕ್ಕಿತು. ಸೆಟ್ಟಿಂಗ್ಸ್ ಫೈಲ್ ಎಲ್ಲಿದೆ ಎಂದು ಪ್ರೋಗ್ರಾಂನಲ್ಲಿ ಪೂರ್ತಿ ವಿಳಾಸ ಬರೆಯದೆ, 'ಇಲ್ಲೇ ಇದೆ' ಎಂಬರ್ಥದ ಒಂದು ಚುಕ್ಕೆ ಇಟ್ಟಿದ್ದೆ. ನಾನು ಕೂತ ಫೋಲ್ಡರಿನಲ್ಲಿ ಅದು ಸರಿ. ಹಿನ್ನೆಲೆಯಲ್ಲಿ ಓಡುವಾಗ ಪ್ರೋಗ್ರಾಂ ಹೊರಡುವುದೇ ಬೇರೆ ಫೋಲ್ಡರಿನಿಂದ; ಅಲ್ಲಿ ಆ ಫೈಲೇ ಇಲ್ಲ.

"ಏನಾಗಿತ್ರಿ?"

"ವಿಳಾಸ ಅರ್ಧ ಇತ್ರಿ."

ಯಾರು ಕೊಟ್ಟ ವಿಳಾಸ ಎಂದು ಕೇಳದೆ ಮಾಲೀಕರು ಚಹಾ ತರಿಸಿದರು. ಆ ಚಹಾ ಕುಡಿಯುವುದು ಸ್ವಲ್ಪ ಕಷ್ಟವಾಯಿತು.