ನಂಬರ್ ಪ್ಲೇಟಿನ ಮೇಲಿನ ಕುಂಕುಮ

ಆಯುಧಪೂಜೆಯ ದಿನ ನಮ್ಮ ಊರಿನ ವಾಹನಗಳನ್ನು ನೀವು ನೋಡಿಯೇ ಇರುತ್ತೀರಿ. ಚೆಂಡುಹೂವಿನ ಹಾರ, ಬಾಳೆಕಂದು, ಚಕ್ರದಡಿಗೆ ಸಿಕ್ಕಲು ಕಾದಿರುವ ನಿಂಬೆಹಣ್ಣು, ಇವೆಲ್ಲದರ ನಡುವೆ ಹಸೆಮಣೆಗೆ ಬಂದ ಹುಡುಗಿಯಂತೆ ಮುಖ ಕಾಣಿಸದೆ ನಿಂತಿರುವ ಸ್ಕೂಟರು. ಅರಿಶಿನ ಕುಂಕುಮ ಹಚ್ಚಲು ಜಾಗ ಹುಡುಕಿದರೆ ಹಣೆಯಷ್ಟು ಅಗಲವಾಗಿ, ಬೆಳ್ಳಗೆ ಕಾಣುವುದು ನಂಬರ್ ಪ್ಲೇಟು ಒಂದೇ. ಹಿಂದೆ ಮುಂದೆ ನೋಡದೆ ಅದಕ್ಕೇ ಹಚ್ಚಿಬಿಡುತ್ತೇವೆ. ದೇವರು ನಮ್ಮನ್ನು ನಂಬರಿನಿಂದ ಗುರುತಿಸುವುದಿಲ್ಲವೆಂಬ ಧೈರ್ಯ.

ನಮ್ಮ ಮನೆಯಲ್ಲಿ ಮಾತ್ರ ಈ ಧೈರ್ಯಕ್ಕೆ ಅವಕಾಶವಿರಲಿಲ್ಲ. ನನ್ನ ಅಕ್ಕ ಸರೋಜ, ಮದುವೆಯಾಗದೆ ಮಲ್ಲೇಶ್ವರದ ಈ ಮನೆಯಲ್ಲಿ ನನ್ನ ಜೊತೆಗೇ ಬಾಳಿದವಳು, ನಿವೃತ್ತಿಯವರೆಗೂ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದಳು. ಮದುವೆಯ ತಿಂಗಳು ಬಂತೆಂದರೆ ಅವಳಿಗೆ ತಲೆನೋವು. ಲಗ್ನಪತ್ರಿಕೆಯ ಮೂಲೆಗೆ ಹಚ್ಚಬೇಕಾದ ಅರಿಶಿನವನ್ನು ಜನ ಸಂಭ್ರಮದಲ್ಲಿ ವಿಳಾಸದ ಮೇಲೆಲ್ಲ ಬಳಿದು ಕಳಿಸುತ್ತಿದ್ದರು. ಬಳೇಪೇಟೆಯ ಪತ್ರಿಕೆ ಇನ್ನೆಲ್ಲಿಗೋ ಹೋಗಿ, ಮದುವೆ ಮುಗಿದು ಮಗುವಿನ ನಾಮಕರಣದ ಹೊತ್ತಿಗೆ ತಲುಪುತ್ತಿತ್ತೆಂದು ಅವಳ ದೂರು. ಹಾಗಾಗಿ ಬರೆದ ಅಕ್ಷರದ ಮೇಲೆ ಮಂಗಳದ್ರವ್ಯ ಬೀಳಕೂಡದೆಂಬುದು ಅವಳ ಕಟ್ಟಳೆ. ಪ್ರತಿವರ್ಷ ತನ್ನ ಸ್ಕೂಟರಿನ ಹ್ಯಾಂಡಲಿಗೆ ಒಂದು ಮೊಳ ಹೂ, ಮಡ್‌ಗಾರ್ಡಿಗೆ ಒಂದು ಬೊಟ್ಟು. ನಾನು ಹುಷಾರಾಗಿ ಪ್ಲೇಟಿಗೂ ಒಂದು ಬೊಟ್ಟಿಟ್ಟರೆ ಸೀರೆಯ ಸೆರಗಿನಿಂದಲೇ ಒರೆಸಿಬಿಡುವಳು. ಹಬ್ಬದ ದಿನವೂ ಗಾಡಿಯ ಕುಂಕುಮ ಒರೆಸುತ್ತಾರೆಯೇ ಎಂದು ನಾನು, ಓದಲಾಗದ ನಂಬರು ಯಾಕೆ ಬೇಕು ಎಂದು ಅವಳು. ನಮ್ಮ ಮನೆಯ ಆಯುಧಪೂಜೆಗೆ ಈ ಜಗಳವೇ ಮಂಗಳಾರತಿ.

ಸಂಕ್ರಾಂತಿ ಕಳೆದು ಕೆಲವೇ ದಿನಗಳಲ್ಲಿ ಅಕ್ಕ ತೀರಿಕೊಂಡಳು. ಎದೆನೋವು ಎಂದವಳು ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಹೋಗಿಬಿಟ್ಟಳು. ಕಾರ್ಯ ಮುಗಿಸಿದೆ, ಪಿಂಚಣಿ ಕಚೇರಿಗೆ ಅಲೆದೆ, ಬ್ಯಾಂಕಿಗೆ ಅಲೆದೆ. ಅಳುವುದಕ್ಕೆ ಮಾತ್ರ ಪುರಸೊತ್ತಾಗಲಿಲ್ಲ. ಸ್ಕೂಟರು ಅವಳ ಹೆಸರಿನಲ್ಲೇ ಉಳಿಯಿತು. ಆ ಬೇಸಿಗೆಯಲ್ಲಿ ಪೊಲೀಸಿನವರೊಬ್ಬರು ಬಾಗಿಲಿಗೆ ಬಂದು, ಸರೋಜಮ್ಮ ಇದ್ದಾರೆಯೇ ಎಂದು ಕೇಳಿ, ನನ್ನ ಮುಖ ನೋಡಿ ತಾವೇ ದನಿ ತಗ್ಗಿಸಿ ಕೋರ್ಟಿನ ಸಮನ್ಸು ಕೊಟ್ಟುಹೋದರು. ಓಕಳಿಪುರಂ ಕಡೆಯ ಸಿಗ್ನಲ್ಲಿನಲ್ಲಿ ಹಿಂದಿನ ಆಯುಧಪೂಜೆಯ ದಿನ ಕೆಂಪು ದೀಪವಿದ್ದಾಗಲೇ ಅಕ್ಕನ ಗಾಡಿ ದಾಟಿಹೋಗಿದೆಯಂತೆ. ದಂಡ ಕಟ್ಟಿ ಎಂದು ಅವಳ ಮೊಬೈಲಿಗೆ ಆಗಾಗ ಸಂದೇಶ ಬಂದಿತ್ತಂತೆ. ಆ ಮೊಬೈಲು ಅವಳ ಸೀರೆಗಳ ಜೊತೆ ಬೀರುವಿನಲ್ಲಿತ್ತು.

ಇದಕ್ಕಾಗಿ ಕೋರ್ಟಿಗೆ ಹೋಗಬೇಕೆ ಎಂದು ನೀವೂ ಕೇಳಬಹುದು, ಎಲ್ಲರೂ ಕೇಳಿದರು. ಪಕ್ಕದ ಮನೆಯವರು, ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕಾಫಿಯ ಜೊತೆ ಬಡಿಸಿದರು. ದಂಡವೇನೂ ದೊಡ್ಡದಲ್ಲ, ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕಟ್ಟಿದರೆ ಒಪ್ಪಿಕೊಂಡಂತೆ. ಹಳದಿ ದೀಪ ಕಂಡರೇ ಕಾಲೂರುತ್ತಿದ್ದವಳು, ಹಿಂದಿನವರ ಹಾರನ್ನಿಗೆ ಕ್ಯಾರೇ ಅನ್ನದವಳು, ತನ್ನ ಬದುಕಿನ ಕೊನೆಯ ಆಯುಧಪೂಜೆಯ ದಿನ ಕೆಂಪು ದೀಪ ಹಾರಿದಳು ಎಂದು ಸರ್ಕಾರದ ದಾಖಲೆಯಲ್ಲಿ ಉಳಿಯುತ್ತದೆ. ಅದನ್ನು ಅಲ್ಲವೆನ್ನಲು ಅವಳಿಗೀಗ ಬಾಯಿಲ್ಲ. ನನಗೆ ತಡೆಯಲಾಗಲಿಲ್ಲ. ಹೆಂಡತಿ ಪದ್ಮ ಮಾತ್ರ, ಅಕ್ಕ ಇದ್ದಿದ್ದರೆ ಲಾಯರನ್ನೂ ಇಡದೆ ತಾನೇ ಹೋಗುತ್ತಿದ್ದಳು ಎಂದಳು. ನಾನೂ ಲಾಯರಿಲ್ಲದೆ ಹೊರಟೆ.

ಸಮನ್ಸಿನ ಜೊತೆಗಿದ್ದ ಚಿತ್ರವನ್ನು ಭೂತಗನ್ನಡಿಯಲ್ಲಿ ಎಷ್ಟು ಸಲ ನೋಡಿದ್ದೆನೋ. ಕಪ್ಪು ಬಿಳುಪು, ಹಿಂದಿನಿಂದ ತೆಗೆದದ್ದು. ಹೆಲ್ಮೆಟ್ಟಿನೊಳಗೆ ಯಾರು ಬೇಕಾದರೂ ಇರಬಹುದು. ಆದರೆ ಹಾರ ಪ್ಲೇಟಿನವರೆಗೂ ಇಳಿಬಿದ್ದಿತ್ತು, ಪ್ಲೇಟಿನ ತುಂಬ ದೊಡ್ಡ ದೊಡ್ಡ ಬೊಟ್ಟುಗಳು ಕಪ್ಪಗೆ ಕಾಣುತ್ತಿದ್ದವು. ಅಕ್ಕನ ಗಾಡಿಯ ಕೊನೆಯ ಅಂಕಿ ಎಂಟು. ಚಿತ್ರದಲ್ಲೂ ಎಂಟೇ, ಆದರೆ ಅದರ ಎಡಗಡೆಯ ಹೊಟ್ಟೆ ಬರೆದದ್ದಲ್ಲ, ಕುಂಕುಮದ ಬೊಟ್ಟಿನದು. ಹಿಂದಿನ ಚಕ್ರದ ಪಕ್ಕದಲ್ಲಿ, ಅಕ್ಕನ ಸ್ಕೂಟರಿಗಿದ್ದ, ಸೀರೆಯ ನೆರಿಗೆ ಸಿಕ್ಕದಂತೆ ಕಾಯುವ ಕಂಬಿಯೂ ಇರಲಿಲ್ಲ.

ಕೋರ್ಟಿನ ಅಂಗಳದಲ್ಲಿ ಕರಿಕೋಟಿನವರೊಬ್ಬರು ಅಡ್ಡಬಂದು, ಒಪ್ಪಿಕೊಂಡರೆ ಕಾಲುಗಂಟೆಯ ಕೆಲಸ, ವಕಾಲತ್ತಿಗೆ ಒಂದು ರುಜು ಹಾಕಿ ಸಾಕು ಎಂದರು. ಒಳಗೆ ನೋಡಿದರೆ ಅವರ ಮಾತು ನಿಜವೇ. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುವುದೇ ತಡ, ತಿರುಪತಿ ಸಾಲಿನವರು ಗೋವಿಂದಾ ಎಂದಂತೆ ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ಮಾಡಿದವರೂ ಒಪ್ಪಿದರು, ಮಾಡದವರೂ ಒಪ್ಪಿರಬೇಕು, ಆಫೀಸಿಗೆ ಹೊತ್ತಾಗುತ್ತಿತ್ತಲ್ಲ. ನಮ್ಮ ಊರಿನಲ್ಲಿ ಸತ್ಯಕ್ಕಿಂತ ಅರ್ಧ ದಿನದ ರಜೆ ದುಬಾರಿ. ಅವರನ್ನು ಹಳಿಯುತ್ತಿಲ್ಲ, ನಿವೃತ್ತನಾದದ್ದರಿಂದ ನನಗೆ ಈ ಸುಖ ಸಾಧ್ಯವಾಯಿತು.

ಅಷ್ಟರಲ್ಲಿ ಬಾಗಿಲ ಬಳಿಯಿದ್ದ ಕೋರ್ಟಿನ ಸಿಬ್ಬಂದಿ ಅಕ್ಕನ ಹೆಸರು ಕೂಗಿದರು. ಅಲ್ಲಿಯ ಪದ್ಧತಿಯಂತೆ ಮೂರು ಸಲ, ಕಾರಿಡಾರಿನ ಕೊನೆಗೂ ಕೇಳುವ ಹಾಗೆ. ನನಗವಳು ಬರೀ ಅಕ್ಕ, ಅಮ್ಮನಿಗೆ ಸರು. ಪೂರ್ತಿ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಮೂರನೆಯ ಸಲಕ್ಕೆ ಎದ್ದು ನಿಂತೆ.

ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು, ಬಿರುಸಾದ ಕೆಲಸದವರು. ನಾನು ತಮ್ಮನೆಂದೂ ಅಕ್ಕ ಇಲ್ಲವೆಂದೂ ತಿಳಿಯುತ್ತಲೇ ಅವರ ಮುಖ ಮೆದುವಾಯಿತು. ಮರಣ ಪ್ರಮಾಣಪತ್ರ ನೋಡಿದರು. ಆರೋಪಿ ಮೃತರಾದ ಮೇಲೆ ಕೇಸಿಲ್ಲ, ಮುಕ್ತಾಯ ಮಾಡುತ್ತೇನೆ, ದಂಡವೂ ಇಲ್ಲ, ಹೋಗಬಹುದು ಎಂದರು. ಹಿಂದಿನವರು ಆಗಲೇ ಮುಂದಕ್ಕೆ ಸರಿದರು. ನಾನು ಸರಿಯಲಿಲ್ಲ.

“ಸತ್ತಿದಾಳೆ ಅಂತ ಬಿಡಬೇಡಿ ಮೇಡಂ,” ಎಂದೆ. “ತಪ್ಪು ಮಾಡಿಲ್ಲ ಅಂತ ಬಿಡಿ.”

“ಎರಡೂ ಒಂದೇ ಅಲ್ವಾ? ಹೇಗೂ ಕೇಸು ಮುಗೀತಲ್ಲ.”

“ನನಗೆ ಮುಗಿಯುತ್ತೆ ಮೇಡಂ. ಅವಳ ಹೆಸರಿಗೆ ಮುಗಿಯಲ್ಲ.”

ನಾಚಿಕೆಯಾಯಿತು, ಆದರೂ ಹೇಳಿಬಿಟ್ಟೆ. ಲಗ್ನಪತ್ರಿಕೆಯ ಅರಿಶಿನದಿಂದ ಹಿಡಿದು ಸೆರಗಿನಿಂದ ಒರೆಸುವ ಕುಂಕುಮದವರೆಗೆ ಎಲ್ಲವನ್ನೂ, ಕಾನೂನಿನ ಒಂದು ಪದವೂ ಇಲ್ಲದೆ. ಸೀರೆಯ ಕಂಬಿಯನ್ನು ತೋರಿಸಲು ಪದ್ಮ ತೆಗೆದುಕೊಟ್ಟಿದ್ದ ಫೋಟೋ ಮುಂದಿಟ್ಟೆ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ, ನಮ್ಮ ಮನೆಯಲ್ಲೂ ಪ್ಲೇಟಿಗೇ ಹಚ್ಚುವುದು ಎಂದು ತಮಗೆ ತಾವೇ ಎಂಬಂತೆ ಹೇಳಿ, ಸಂಚಾರ ಠಾಣೆಯಿಂದ ಬಂದಿದ್ದ ಎಎಸ್‌ಐಗೆ ಮೂಲ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಲು ಹೇಳಿದರು. ಅವರು ಗೊಣಗುತ್ತಲೇ ದೊಡ್ಡದು ಮಾಡಿದರು, ಕನ್ನಡಕ ಏರಿಸಿದರು, ಕೊನೆಯ ಅಂಕಿ ಮೂರೆಂದು ಇಟ್ಟುಕೊಂಡು ಹುಡುಕಿದರು. ಅದೇ ಮಾದರಿಯ ಸ್ಕೂಟರು, ಶ್ರೀರಾಂಪುರದ ಇನ್ನಾರದೋ ಹೆಸರಿನಲ್ಲಿ ಸಿಕ್ಕಿತು.

“ಮೂರೇ ಮೇಡಂ,” ಎಂದರು ಎಎಸ್‌ಐ. “ಕುಂಕುಮ ಎಂಟು ಮಾಡಿದೆ.”

ನ್ಯಾಯಾಧೀಶೆ ಬೆರಳಚ್ಚಿನವರಿಗೆ ನಿಧಾನವಾಗಿ ಹೇಳಿ ಬರೆಸಿದರು: ಚಿತ್ರದಲ್ಲಿರುವ ವಾಹನ ಸರೋಜಮ್ಮನವರದಲ್ಲ, ಅವರು ಯಾವ ನಿಯಮವನ್ನೂ ಉಲ್ಲಂಘಿಸಿಲ್ಲ. ಕೀಲಿಮಣೆಯ ಸದ್ದು ನಿಲ್ಲುವವರೆಗೂ ನಾನು ಕೈಮುಗಿದೇ ನಿಂತಿದ್ದೆ. ಆಚೆ ಬಂದಾಗ ಎಎಸ್‌ಐ ಹಿಂದೆಯೇ ಬಂದು, ಗಾಡಿಯನ್ನು ಬೇಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲವಾದರೆ ಮುಂದೆಯೂ ಸಮನ್ಸುಗಳು ಅವರ ಹೆಸರಿಗೇ ಬರುತ್ತವೆ ಎಂದು ಬುದ್ಧಿ ಹೇಳಿದರು. ಒಳ್ಳೆಯ ಮನುಷ್ಯ, ಸರಿಯಾದ ಮಾತು. ಆ ಕೆಲಸವನ್ನು ಅಷ್ಟು ದಿನ ಮುಂದೂಡಿದ್ದು ಸೋಮಾರಿತನವೆಂದುಕೊಂಡಿದ್ದೆ. ಅವಳ ಹೆಸರನ್ನು ನನ್ನ ಕೈಯಾರೆ ತೆಗೆಯುವ ಧೈರ್ಯವಿರಲಿಲ್ಲವೆಂದು ಆಗ ತಿಳಿಯಿತು. ಅಂಗಳದ ಮರದ ಕೆಳಗೆ, ಅವಳ ಗಾಡಿಯ ಸೀಟಿನ ಮೇಲೆ ಕೂತು, ಬರುವವರು ಹೋಗುವವರು ನೋಡುತ್ತಿದ್ದರೂ ಅತ್ತೆ. ಯಾರೂ ವಿಚಾರಿಸಲಿಲ್ಲ, ಕೋರ್ಟಿನಲ್ಲಿ ಅಳುವವರು ಅಪರೂಪವೇನಲ್ಲ.

ಮುಂದಿನ ವಾರ ಆರ್‌ಟಿಓ ಕಚೇರಿಗೆ ಹೋದೆ. ಕಿಟಕಿಯಾಚೆಯ ಗುಮಾಸ್ತೆ ಕಾಗದಗಳನ್ನೆಲ್ಲ ತಿರುವಿಹಾಕಿ, ತಲೆಯೆತ್ತದೆ, ಇವರ ಮೇಲೆ ಕೇಸು ಯಾವುದಾದರೂ ಇದೆಯೇ ಎಂದು ಕೇಳಿದರು.

“ಒಂದಿತ್ತಮ್ಮ,” ಎಂದೆ. “ನಮ್ಮಕ್ಕ ಗೆದ್ಲು.”